ಒಬ್ಬಳೇ ಹೇಳಿದ ಮಗ್ಗಿ

ಅರವತ್ತರ ದಶಕದ ಆರಂಭ. ಅಮಾಸೆಬೈಲಿನ ಹತ್ತಿರದ ನಮ್ಮ ಶಾಲೆಗೆ ಮೇಷ್ಟ್ರು ಒಬ್ಬರೇ, ಒಂದನೆಯ ತರಗತಿಗೆ ನಾನೊಬ್ಬಳೇ. ಅವರು ದೊಡ್ಡ ಮಕ್ಕಳಿಗೆ ಭಾಗಾಕಾರ ಕಲಿಸುವಾಗ ನಾನು ಮೂಲೆಯಲ್ಲಿ ಹುಣಿಸೆಬೀಜಗಳನ್ನು ಎರಡೆರಡಾಗಿ ಜೋಡಿಸುತ್ತಿದ್ದೆ. ಮಗ್ಗಿಯನ್ನು ಒಬ್ಬರು ಹೇಳಿಕೊಟ್ಟರೆ ಉಳಿದವರು ಒಟ್ಟಾಗಿ ಹೇಳಬೇಕು. ನನಗೆ ಜೊತೆಯಿಲ್ಲ. ಗಟ್ಟಿಯಾಗಿ ಒಮ್ಮೆ, ಮೆಲ್ಲಗೆ ಒಮ್ಮೆ, ಎರಡನ್ನೂ ನಾನೇ ಹೇಳುತ್ತಿದ್ದೆ.

ಒಂದು ದಿನ ಮೇಷ್ಟ್ರು ಹತ್ತಿರ ಬಂದು ಕೇಳಿದರು, “ಯಾರ್ ಹತ್ರ ಮಾತಾಡುದ್ ಹೆಣೆ?” ಹುಡುಗಿಯರನ್ನು ನಮ್ಮ ಕಡೆ ‘ಹೆಣೆ’ ಎಂದೇ ಕರೆಯುವುದು.

“ಯಾರೂ ಇಲ್ಲ ಮಾಷ್ಟ್ರೇ. ಮಗ್ಗಿ ಹೇಳುದ್.”

ಅವರು ನನ್ನೆದುರು ನೆಲದ ಮೇಲೆಯೇ ಕೂತರು. “ನೀ ಹೇಳ್ಕೊಡ್, ನಾ ಹೇಳ್ತೆ.”

“ಎರಡೊಂದ್ಲ ಎರಡು” ಎಂದೆ. ಅವರೂ ರಾಗವಾಗಿ ಹೇಳಿದರು. ಎರಡರ ಮಗ್ಗಿ ಇಪ್ಪತ್ತಕ್ಕೆ ಮುಟ್ಟುವವರೆಗೂ ಏಳಲಿಲ್ಲ.

ಮರುದಿನ ಅವರಿಗೆ ಮತ್ತೆ ದೊಡ್ಡ ಮಕ್ಕಳ ಲೆಕ್ಕ. ನಾನು ಮೂರರ ಮಗ್ಗಿಯ ಮೊದಲ ಸಾಲು ಹೇಳಿ, ಅವರ ಬೆನ್ನು ನೋಡುತ್ತ ತುಸು ಹೊತ್ತು ಕಾದೆ.