ಒಡೆದು ನೋಡದೆ ಕೊಂಡ ಕಾಲೇಜು

ನಮ್ಮಪ್ಪ ಹಿಂದೂಪುರದ ಬೆಲ್ಲದ ಮಂಡಿಯಲ್ಲಿ ದಲ್ಲಾಳಿ. ಯಾವ ಊರಿನ ಬೆಲ್ಲವೇ ಬರಲಿ, ಎಷ್ಟೇ ಹೊಗಳಿ ತರಲಿ, ಒಂದು ಉಂಡೆ ಒಡೆದು ಒಳಗಿನ ಚೂರನ್ನು ನಾಲಿಗೆ ಮೇಲಿಟ್ಟುಕೊಳ್ಳದೆ ಬೆಲೆ ಹೇಳಿದವರಲ್ಲ. ಸೋಮಂದೇಪಲ್ಲಿಯ ರೈತರು, "ನಿಮ್ಗೆ ದೇವ್ರ ಮೇಲೂ ನಂಬ್ಕೆ ಇಲ್ಲ ಬುಡಪ್ಪ" ಎಂದು ನಗುತ್ತಿದ್ದರು. ಅಂಥ ಮನುಷ್ಯ ನಮ್ಮಣ್ಣನಿಗೆ ಕಾಲೇಜು ಆರಿಸಿದ್ದು ಮಾತ್ರ ಬರೀ ಹೆಸರು ಕೇಳಿ. ಇವತ್ತಿಗೂ ನೆನೆದರೆ ನನಗೆ ಮೈ ಉರಿಯುತ್ತದೆ.

ಅರವತ್ತರ ದಶಕದ ಮೊದಲ ವರ್ಷಗಳು. ನಾನಿನ್ನೂ ಹೈಸ್ಕೂಲು ಹುಡುಗಿ. ಅಣ್ಣ ಅನಂತಪುರದಲ್ಲಿ ಪಿ.ಯು.ಸಿ. ಮುಗಿಸಿದ್ದ, ಬಿ.ಕಾಂ. ಕೂಡ ಅಲ್ಲೇ ಓದಬೇಕೆಂದಿದ್ದ. ಇಂಗ್ಲಿಷಿನಲ್ಲಿ ಅರ್ಥವಾಗದ್ದನ್ನು ತೆಲುಗಿನಲ್ಲಿ ಇನ್ನೊಂದು ಸಲ ಹೇಳುವ ಮೇಷ್ಟರು ಅಲ್ಲಿದ್ದರು. ಅಪ್ಪನ ಕಣ್ಣು ಮಾತ್ರ ಬೆಂಗಳೂರಿನ ಒಂದು ಹೆಸರಾಂತ ಕಾಲೇಜಿನ ಮೇಲಿತ್ತು. ಕಲ್ಯಾಣದುರ್ಗದ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ ನಮ್ಮ ಸೋದರಮಾವ ಈ ಮಾತಿಗೆಂದೇ ಬಸ್ಸು ಹತ್ತಿ ಬಂದರು.

"ಬಾವ, ಇವ್ನಿಗೆ ಇಂಗ್ಲೀಷು ಇನ್ನೂ ಹತ್ತಿಲ್ಲ. ಅಲ್ಲೇ ಬುಟ್ಬುಡಿ, ಪಾಸಾಯ್ತಾನೆ."

"ಅನಂತಪುರದ ಕಾಲೇಜು ಅಂದ್ರೆ ಮಂಡೀಲಿ ಯಾರ್ ತಿರುಗಿ ನೋಡ್ತಾರೆ? ಬೆಂಗ್ಳೂರಿನ ಆ ಕಾಲೇಜು ಅಂದ್ರೆ ಕುಂತೋರು ಎದ್ದು ನಿಂತ್ಕೊಂತಾರೆ ಕಣಯ್ಯ" ಎಂದರು ಅಪ್ಪ.

"ಒಂದ್ಸಲ ಹೋಗಿ ಪಾಠ ಹೆಂಗ್ ಮಾಡ್ತಾರೆ ಅಂತಾದ್ರೂ ನೋಡ್ಕೊಂಡು ಬನ್ನಿ."

"ಅಂಥಾ ಕಾಲೇಜ್ನ ನೋಡಿ ಹೇಳಕ್ಕೆ ನಾನ್ಯಾವನಯ್ಯ?"

ಅಣ್ಣನನ್ನು ಯಾರೂ ಕೇಳಲಿಲ್ಲ. ಅವನು ಬಾಗಿಲ ಬಳಿ ನಿಂತು ಉಗುರು ಕಚ್ಚುತ್ತಿದ್ದ.

ಬೆಂಗಳೂರಿಗೆ ಸೇರಿದ ಅಣ್ಣ ಸಂಕ್ರಾಂತಿಗೆ ಮನೆಗೆ ಬಂದಾಗ ಅವನ ಅಂಗಿ ಮೈಮೇಲೆ ಜೋಲುತ್ತಿತ್ತು. ಪಾಠ ಓಡುತ್ತದೆ, ಕೇಳೋಣವೆಂದು ಎದ್ದರೆ ತನ್ನ ಇಂಗ್ಲಿಷಿಗೆ ನಗುತ್ತಾರೆ ಎಂದು ಅಡುಗೆಮನೆಯಲ್ಲಿ ಕೂತು ನಮಗೆ ಹೇಳಿದ. ಅಮ್ಮ ಧೈರ್ಯ ತುಂಬಿ ಅಪ್ಪನ ಮುಂದೆ ಕಳಿಸಿದಳು.

"ಅಪ್ಪಾ, ಮುಂದಿನ್ ವರ್ಷ ಅನಂತಪುರಕ್ಕೇ ಹೋಯ್ತೀನಿ. ಅಲ್ಲಾದ್ರೆ ಓದ್ತೀನಿ."

ಎಲೆ ಮಡಿಸುತ್ತಿದ್ದ ಅಪ್ಪ ಕೈ ನಿಲ್ಲಿಸಲಿಲ್ಲ. "ಊರಿಗೆಲ್ಲಾ ಹೇಳ್ಕೊಂಡ್ ಬಂದ್ಬುಟ್ಟಿದೀನಿ ಕಣ್ಲಾ. ಈಗ ಏನಂತ ಹೇಳ್ಲಿ? ಪರುವು, ಮಾನ ಎಲ್ಲಾ ಹೋಯ್ತದೆ."

ಆ ಪರುವಿಗೆ ಬೆಂಕಿ ಬೀಳ. ಅಣ್ಣ ಮತ್ತೆ ಬೆಂಗಳೂರಿನ ರೈಲು ಹತ್ತಿದ. ನಾನು ಕಟ್ಟಿಟ್ಟಿದ್ದ ಎಳ್ಳುಬೆಲ್ಲದ ಪೊಟ್ಟಣ ಮನೆಯಲ್ಲೇ ಉಳಿಯಿತು.

ಬೇಸಿಗೆ ಶುರುವಾಗುವ ಹೊತ್ತಿಗೆ ಅವನಿಗೆ ಟೈಫಾಯ್ಡ್ ಬಂತು. ಹಾಜರಿಯ ವಿಷಯದಲ್ಲಿ ಬಲು ಕಟ್ಟುನಿಟ್ಟಿನ ಕಾಲೇಜು ಅದು. ಅಪ್ಪ ಮಂಡಿಯಲ್ಲಿ ಹೊಗಳುತ್ತಿದ್ದುದೂ ಅದನ್ನೇ. ಹಾಜರಿ ಕಮ್ಮಿಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಇನ್ನೂ ಒಂದು ವರ್ಷ ಅಲ್ಲೇ ಕೊಳೆಯಬೇಕಾಗುತ್ತದೆ ಎಂದು ಹೆದರಿ ಅಣ್ಣ ಜ್ವರ ಮುಚ್ಚಿಟ್ಟುಕೊಂಡು ದಿನಾ ತರಗತಿಗೆ ಹೋಗಿದ್ದಾನೆ. ಅವನ ಜೊತೆ ರೂಮಿನಲ್ಲಿದ್ದ ಹುಡುಗ ಆಮೇಲೆ ಹೇಳಿದ್ದು ಇದು. ನಮಗೆ ತಂತಿ ಬರುವಷ್ಟರಲ್ಲಿ ಅವನು ಆಸ್ಪತ್ರೆಯಲ್ಲಿದ್ದ. ಅಪ್ಪ, ಮಾವ ಇಬ್ಬರೂ ಓಡಿದರು. ಅಣ್ಣ ಉಳಿಯಲಿಲ್ಲ.

ಮಂಡಿಯವರು ಒಬ್ಬೊಬ್ಬರಾಗಿ ಮಾತಾಡಿಸಲು ಬಂದರು. ಅಪ್ಪ ಜಗಲಿಯ ಮೇಲೆ ಗೋಡೆಗೊರಗಿ ಕೂತಿರುತ್ತಿದ್ದರು. ಅನ್ನ ಮುಟ್ಟುತ್ತಿರಲಿಲ್ಲ, ಯಾರು ಏನೆಂದರೂ ಬಾಯಿ ಬಿಡುತ್ತಿರಲಿಲ್ಲ. ಎಷ್ಟು ಸಿಟ್ಟಿದ್ದರೂ ಅವರನ್ನು ಹಾಗೆ ನೋಡಲಾಗದೆ ಒಂದು ಲೋಟ ಮಜ್ಜಿಗೆ ತಂದು ಪಕ್ಕದಲ್ಲಿಡುತ್ತಿದ್ದೆ. ಸೆಟ್ಟೂರು ಕಡೆಯಿಂದ ಬೆಲ್ಲ ಕೊಳ್ಳಲು ಬರುತ್ತಿದ್ದ ಮುದುಕರೊಬ್ಬರು ಒಂದು ದಿನ ಬಂದು ಎದುರಿಗೆ ಕೂತರು. ಅವರಿಗೆ ನಮ್ಮ ಮನೆಯ ವಿಷಯ ಅಷ್ಟಾಗಿ ಗೊತ್ತಿರಲಿಲ್ಲ.

"ಹುಡ್ಗ ಎಲ್ ಓದ್ತಿದ್ನಪ್ಪಾ?" ಎಂದರು.

ಅಪ್ಪ ತಲೆ ಎತ್ತಿದರು. ಬೆನ್ನು ನೆಟ್ಟಗೆ ಮಾಡಿ ಕೂತರು. ಮಂಡಿಯಲ್ಲಿ ಹೇಳುತ್ತಿದ್ದ ಹಾಗೆಯೇ, ಕಾಲೇಜಿನ ಪೂರ್ತಿ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿದರು. ಪಕ್ಕದಲ್ಲಿದ್ದ ಮಾವ ಮುಖ ತಿರುಗಿಸಿಕೊಂಡರು. ಆ ಗಳಿಗೆಯಲ್ಲಿ ಅಪ್ಪನ ಮೇಲೆ ನನಗೆ ಹುಟ್ಟಿದ ಅಸಹ್ಯ ಪೂರ್ತಿ ಹೋಗಿದ್ದು ಅವರು ಸತ್ತ ಮೇಲೆಯೇ.

"ಅಂಥಾ ಕಾಲೇಜಾ" ಎಂದರು ಮುದುಕರು. ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡು, ಕುಂತಲ್ಲಿಂದ ಎದ್ದು ನಿಂತರು.