ಕೊಬ್ಬರಿ ಒಡೆಯುವ ಜಗಲಿಯಲ್ಲಿ ದೆವ್ವದ ಪ್ರೇಮಕಥೆ

ಇನ್ನೂರು ವರ್ಷ ಬದುಕಿದವನು ಇನ್ನೂ ಕಾಲೇಜು ಮೆಟ್ಟಿಲ ಮೇಲೆ ಕೂತು, ಹದಿನೇಳರ ಹುಡುಗಿಯನ್ನು ನೋಡಿ ನಿಟ್ಟುಸಿರು ಬಿಡುತ್ತಾನೆ ಅಂದರೆ ನನಗೆ ಮೈ ಉರಿಯುತ್ತದೆ. ಅಷ್ಟು ವರ್ಷದಲ್ಲಿ ಒಂದು ಕಸುಬಾದರೂ ಕಲಿಯಬಾರದಿತ್ತೇ? ಕೊನೇ ಪಕ್ಷ ಒಂದು ಪರೀಕ್ಷೆ ಪಾಸು ಮಾಡಿ ಆಚೆ ಹೋಗಬಾರದಿತ್ತೇ? ಹರೆಯದವರಿಗೆ ಅಂತ ಬರೆದ ಈ ದೆವ್ವದ ಪ್ರೇಮಕಥೆಗಳ ಮೇಲೆ ನನ್ನ ದೂರು ಒಂದೆರಡಲ್ಲ. ಅಲ್ಲಿ ಯಾರಿಗೂ ಕೆಲಸವಿಲ್ಲ. ಹುಡುಗಿಯ ತಾಯಿ ಯಾವಾಗ ನೋಡಿದರೂ ಊರಲ್ಲಿರುವುದಿಲ್ಲ. ಪಾತ್ರೆ ಯಾರು ತೊಳೆಯುತ್ತಾರೋ ಆ ಶಿವನಿಗೇ ಗೊತ್ತು. ಒಬ್ಬ ರಕ್ತ ಕುಡಿಯುವವನು, ಇನ್ನೊಬ್ಬ ಯಾವುದೋ ಶಾಪ ಹೊತ್ತವನು, ಇಬ್ಬರೂ ಅವಳಿಗಾಗಿ ಕಾದಾಡುತ್ತಾರೆ. ಅವಳು ಮುನ್ನೂರು ಪುಟ ತುಟಿ ಕಚ್ಚಿಕೊಂಡು ನಿಂತಿರುತ್ತಾಳೆ. ಒಂದು ಸಲ ನಾನು ಪುಸ್ತಕಕ್ಕೇ ಹೇಳಿದ್ದೇನೆ, ‘ಬಾಯಿ ಬಿಡೇ ತಾಯಿ, ಹೊತ್ತಾಯ್ತು’ ಅಂತ.

ಇಷ್ಟು ಬೈಯುವವಳು ಓದುವುದಾದರೂ ಯಾಕೆ ಅಂತ ಯಾರಾದರೂ ಕೇಳಬಹುದು. ನನಗೆ ನಲವತ್ತೆಂಟು. ಗಂಡ ತೀರಿಕೊಂಡು ಹದಿನೈದು ವರ್ಷವಾಯಿತು, ಮಕ್ಕಳಿಲ್ಲ. ತುರುವೇಕೆರೆಯಿಂದ ನಾಲ್ಕು ಮೈಲಿ ಒಳಗೆ ತೋಟದ ಮನೆ, ನಾನೊಬ್ಬಳೇ. ಅಣ್ಣನ ಮಗಳು ಎರಡು ವರ್ಷ ನನ್ನ ಜೊತೆ ಇದ್ದುಕೊಂಡು ಪಿಯುಸಿ ಓದಿದಳು. ಹೋಗುವಾಗ ಒಂದು ರಟ್ಟಿನ ಡಬ್ಬದ ತುಂಬ ಇಂಗ್ಲಿಷ್ ಕಾದಂಬರಿಗಳನ್ನು ಬಿಟ್ಟು ಹೋದಳು. ‘ತಗೊಂಡು ಹೋಗೇ’ ಅಂದರೆ, ‘ಅಯ್ಯೋ ಅತ್ತೆ, ಅವೆಲ್ಲ ಚಿಕ್ಕ ಹುಡುಗೀರು ಓದೋವು. ನಂಗೀಗ ವಯಸ್ಸಾಯ್ತು’ ಅಂದಳು. ಅವಳಿಗೆ ಆಗ ಹದಿನೆಂಟು. ನಾನು ಮಾರನೆಯ ದಿನದಿಂದಲೇ ಶುರು ಹಚ್ಚಿಕೊಂಡೆ. ಯಾವ ಕಾಲದ್ದೋ ಬಿ.ಎ. ಇಂಗ್ಲಿಷು, ಮೊದಮೊದಲು ದಿನಕ್ಕೆ ನಾಲ್ಕು ಪುಟ ಸಾಗಿದರೆ ಹೆಚ್ಚು. ಆಮೇಲೆ ರುಚಿ ಹತ್ತಿ, ಮೂರು ತಿಂಗಳಲ್ಲಿ ಅರ್ಧ ಡಬ್ಬ ಖಾಲಿ ಮಾಡಿದೆ.

ಒಂದು ವಿಷಯದಲ್ಲಿ ಮಾತ್ರ ಆ ಪುಸ್ತಕಗಳನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಒಂಟಿತನ ಅಂದರೆ ಏನು ಅಂತ ಅವಕ್ಕೆ ಚೆನ್ನಾಗಿ ಗೊತ್ತು. ದೊಡ್ಡವರಿಗೆ ಬರೆದ ಪುಸ್ತಕಗಳಲ್ಲಿ ಒಂಟಿ ಹೆಂಗಸು ಬಹಳ ಗಂಭೀರವಾಗಿರುತ್ತಾಳೆ, ಎಲ್ಲವನ್ನೂ ಅರ್ಥ ಮಾಡಿಕೊಂಡವಳ ಹಾಗೆ ಕಾಫಿ ಕುಡಿಯುತ್ತಾಳೆ. ಇವುಗಳಲ್ಲಿ ಹುಡುಗಿ ನಾಚಿಕೆ ಬಿಟ್ಟು, ನನ್ನನ್ನು ಯಾರಾದರೂ ನೋಡಲಿ, ಸತ್ತವನಾದರೂ ಚಿಂತೆಯಿಲ್ಲ, ಒಬ್ಬ ನೋಡಲಿ ಅಂತ ನೇರವಾಗಿ ಕೇಳಿಬಿಡುತ್ತಾಳೆ. ಅಂಥ ಕಡೆ ನಾನು ಪುಸ್ತಕ ಮಗುಚಿ ಎದೆಯ ಮೇಲಿಟ್ಟುಕೊಂಡು ಅತ್ತಿದ್ದೇನೆ. ಹದಿನೇಳಕ್ಕೆ ಬರೆದದ್ದು ನಲವತ್ತೆಂಟಕ್ಕೆ ತಾಗಬಾರದು ಅಂತ ಎಲ್ಲೂ ಕಾನೂನಿಲ್ಲವಲ್ಲ.

ನಮ್ಮ ಕಡೆ ತೆಂಗಿನಕಾಯಿಯನ್ನು ಕೆಡವಿದ ಕೂಡಲೇ ಮಾರುವವರು ಕಡಿಮೆ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರೆಲ್ಲ ಇಂಗಿ, ತಿರುಳು ಕರಟ ಬಿಟ್ಟು ಒಳಗೊಳಗೇ ಉರುಳುವಂತಾದ ಮೇಲೆ ಇಳಿಸುವುದು. ಗಂಡಸರು ಸಿಪ್ಪೆ ಸುಲಿದು ಹೋದರೆ, ಹೆಂಗಸರು ಜಗಲಿಯಲ್ಲಿ ಕೂತು ಮಚ್ಚಿನ ಹಿಂಬದಿಯಿಂದ ತಟ್ಟಿ ತಟ್ಟಿ ಕರಟ ಬಿಡಿಸುತ್ತಾರೆ. ಕೊಬ್ಬರಿ ಇಡೀ ಉಂಡೆಯಾಗಿ ಬರಬೇಕು, ಗಾಯವಾದರೆ ಮಂಡಿಯ ವ್ಯಾಪಾರಿಗಳು ಬದಿಗೆ ಸರಿಸುತ್ತಾರೆ. ಹಾಗಾಗಿ ಅವರ ಕಣ್ಣೆಲ್ಲ ಕೈಯ ಮೇಲೆ, ಕಿವಿ ಮಾತ್ರ ಖಾಲಿ. ಆ ಖಾಲಿ ಕಿವಿಗಳಿಗೆ ನಾನು ಪುಸ್ತಕ ಹಿಡಿದುಕೊಂಡು, ಇಂಗ್ಲಿಷನ್ನು ನೋಡುತ್ತಾ ಕನ್ನಡದಲ್ಲಿ ಹೇಳಲು ಶುರು ಮಾಡಿದೆ.

ಬರುತ್ತಿದ್ದವರಲ್ಲಿ ಒಬ್ಬಾಕೆ ಮುದುಕಿ. ಹಂದನಕೆರೆ ಕಡೆಯವಳು, ನಮ್ಮೂರಿಗೆ ಸೊಸೆಯಾಗಿ ಬಂದು ಐವತ್ತು ವರ್ಷವಾಗಿದ್ದರೂ ಇವತ್ತಿಗೂ ನಮ್ಮೂರ ನೀರು ಸಪ್ಪೆ ಅನ್ನುವವಳು. ರಕ್ತ ಕುಡಿಯುವ ನಾಯಕನ ಕಥೆ ಹೇಳಿದ ದಿನ ಅವಳು ಮಚ್ಚು ಕೆಳಗಿಟ್ಟಳು. ‘ಅಲ್ಲ ಕಣವ್ವ, ರಕ್ತನೇ ಕುಡೀಬೇಕಾ? ಒಂದ್ ಮುದ್ದೆ ಮುರ್ದು ಸಾರಲ್ಲಿ ಅದ್ದಿ ಕೊಟ್ಟಿದ್ರೆ ಬ್ಯಾಡ ಅಂತಿದ್ನಾ?’

‘ಅವನಿಗೆ ಬೇರೇನೂ ಸೇರಲ್ಲ ಅಜ್ಜಿ.’

‘ಹಸ್ದಿಲ್ಲ ಬುಡು ಅವ್ನಿಗೆ’ ಅಂದು ಮತ್ತೆ ಕೆಲಸ ಶುರು ಮಾಡಿದಳು. ಆ ಜಾತಿಯ ಪುಸ್ತಕಗಳ ಬಗ್ಗೆ ನಾನು ಇದಕ್ಕಿಂತ ಸರಿಯಾದ ಮಾತನ್ನು ಕೇಳಿಲ್ಲ.

ಇನ್ನೊಬ್ಬಳು ಚಿಕ್ಕವಳು, ಇಪ್ಪತ್ತಾರು ಇರಬೇಕು. ಮೂರು ವರ್ಷದ ಹಿಂದೆ ಅವಳ ಗಂಡ ಬೈಕಿನಿಂದ ಬಿದ್ದು ತೀರಿಹೋದ. ತವರಿಗೆ ಬಂದು ತಾಯಿ ಮತ್ತು ಅಣ್ಣನ ಜೊತೆ ಇದ್ದಳು. ಮೊದಲ ದಿನ ಬಾಯೇ ಬಿಡಲಿಲ್ಲ. ಎರಡನೆಯ ಸಲ ಬಂದಾಗ, ಹೊರಡುವ ಹೊತ್ತಿಗೆ ಸೆರಗಿನ ಧೂಳು ಕೊಡವುತ್ತಾ, ‘ಅಕ್ಕ, ಆ ಹುಡ್ಗಿಗೆ ಬುದ್ಧಿ ಇಲ್ಲ ಕಣಕ್ಕ. ಅವ್ನು ಅಷ್ಟು ಸುಳ್ಳು ಹೇಳ್ತಾನೆ, ಇವ್ಳು ಕಣ್ಣು ಚೆನ್ನಾಗೈತೆ ಅಂತ ಕೂತವ್ಳೆ’ ಅಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಅವಳನ್ನು ಕೂರಿಸಿ ಮತ್ತೊಂದು ಲೋಟ ಕಾಫಿ ಮಾಡಿಕೊಟ್ಟೆ. ನನ್ನದೂ ಅದೇ ಅಭಿಪ್ರಾಯವಾಗಿತ್ತು, ಹೇಳಿಕೊಳ್ಳಲು ಜನವಿರಲಿಲ್ಲ ಅಷ್ಟೆ.

ಆಮೇಲೆ ಅವಳು ಕೆಲಸವಿಲ್ಲದ ದಿನವೂ ಬರತೊಡಗಿದಳು. ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಾ ಕೂರುವಳು, ನಾನು ಓದುವೆ, ಇಬ್ಬರೂ ಜಗಳವಾಡುವೆವು. ಬಡವನ ಮನೆಯಲ್ಲಿ ಯಾವ ದೆವ್ವವೂ ಪ್ರೀತಿ ಮಾಡುವುದಿಲ್ಲ ಯಾಕೆ ಅನ್ನುವುದು ಅವಳ ಪ್ರಶ್ನೆ. ದೆವ್ವಕ್ಕೂ ಮಹಡಿ ಮನೆಯೇ ಬೇಕಲ್ಲ ಅಂತ ನಗುವಳು. ಸಾಯಂಕಾಲ ಅವಳು ಹೋದ ಮೇಲೆ ಮನೆ ಇನ್ನೂ ಖಾಲಿ ಅನ್ನಿಸುತ್ತಿತ್ತು. ಮೊದಲು ಹಾಗನ್ನಿಸುತ್ತಿರಲಿಲ್ಲ. ಒಬ್ಬಳೇ ಇದ್ದು ಇದ್ದು ಕಲ್ಲಾಗಿದ್ದೆ, ಇವಳು ಬಂದು ಕೆಡಿಸಿದಳು.

ಅದೇ ವರ್ಷ ನಾನು ನಮ್ಮ ಸೀಮೆಯಲ್ಲಿ ಯಾರೂ ಮಾಡಬಾರದ ಕೆಲಸ ಮಾಡಿದೆ. ನನ್ನ ಅಟ್ಟದ ಕಾಯಿ ಅಂದರೆ ಹೆಂಗಸರಿಗೆ ನಾಲ್ಕು ದಿನದ ಕೆಲಸ. ಒಟ್ಟಿಗೆ ಇಳಿಸಿದರೆ ನಾಲ್ಕು ದಿನ ಬಂದು ಹೋಗಿಬಿಡುತ್ತಾರೆ. ಹಾಗಾಗಿ ಹದಿನೈದು ದಿನಕ್ಕೊಮ್ಮೆ ಒಂದಿಷ್ಟೇ ಇಳಿಸಿ, ರೇಟು ಏರಲಿ ಅಂತ ನೋಡುತ್ತಿದ್ದೇನೆ ಎಂದು ಎಲ್ಲರಿಗೂ ಹೇಳಿದೆ. ರೇಟು ಏರಿತು, ಇಳಿಯಿತು, ನಾನು ಪೇಪರನ್ನೂ ನೋಡಲಿಲ್ಲ. ಕೊನೆಕೊನೆಗೆ ಇಳಿಸಿದ ಕಾಯಿಗಳಿಗೆ ಹುಳು ಬಿದ್ದಿತ್ತು, ಕಮಟು ವಾಸನೆ ಬರುತ್ತಿತ್ತು. ಮುದುಕಿ ಒಂದನ್ನು ಮೂಗಿಗೆ ಹಿಡಿದು, ‘ಇದ್ಯಾಕವ್ವ ಹಿಂಗ್ ಬುಟ್ಕಂಡೆ? ಮನೇಲಿ ಹೇಳೋರು ಕೇಳೋರು ಇಲ್ದಿದ್ರೆ ಹಿಂಗೇಯ’ ಅಂದಳು. ಚಿಕ್ಕವಳು ತಲೆಯೆತ್ತಿ ಒಮ್ಮೆ ಅಟ್ಟದ ಕಡೆ ನೋಡಿದಳು.

ಆ ಹೊತ್ತಿಗೆ ನಾವು ಓದುತ್ತಿದ್ದದ್ದು ಒಂದು ಪಾಳು ರೈಲ್ವೆ ಸ್ಟೇಷನ್ನಿನ ಕಥೆ. ಅಲ್ಲಿಯ ಕಲ್ಲುಬೆಂಚಿನ ಮೇಲೆ ಸತ್ತ ಹುಡುಗನೊಬ್ಬ ಕೂತಿರುತ್ತಾನೆ. ಒಬ್ಬ ಹುಡುಗಿಗೆ ಮಾತ್ರ ಕಾಣುತ್ತಾನೆ. ಅವಳು ದಿನಾ ಬಂದು ಮಾತಾಡಿಸಿದರೆ ಇರುತ್ತಾನೆ, ಬರುವುದು ಬಿಟ್ಟರೆ ಕರಗಿಹೋಗುತ್ತಾನೆ. ನಮ್ಮ ಡಬ್ಬದಲ್ಲಿದ್ದ ಒಳ್ಳೆಯ ಪುಸ್ತಕಗಳಲ್ಲಿ ಅದೂ ಒಂದು. ಬರೆದವರಿಗೆ ಹುಡುಗಿಯ ಮನಸ್ಸು ಗೊತ್ತಿತ್ತು. ಜಗಲಿಯಲ್ಲಿ ಅದನ್ನು ಹೇಳುವಾಗ ಮಚ್ಚಿನ ಸದ್ದು ತಾನಾಗಿ ಸಣ್ಣದಾಗುತ್ತಿತ್ತು.

ಕಥೆ ಮುಕ್ಕಾಲು ಮುಗಿದಿದ್ದಾಗ ಚಿಕ್ಕವಳಿಗೆ ಸಂಬಂಧ ಬಂತು. ಹುಳಿಯಾರಿನ ಹತ್ತಿರ ಕೆಂಕೆರೆಯವನು, ಮೋಟಾರು ವೈಂಡಿಂಗ್ ಅಂಗಡಿ, ಹೆಂಡತಿ ಕಾಯಿಲೆಯಿಂದ ತೀರಿಕೊಂಡಿದ್ದಳು. ಆರು ವರ್ಷದ ಹೆಣ್ಣುಮಗು ಇತ್ತು. ಬಂದು ನೋಡಿಕೊಂಡು ಹೋಗಿದ್ದರು, ಇವಳ ಅಣ್ಣನಿಗೆ ಒಪ್ಪಿಗೆಯಾಗಿತ್ತು. ಇವಳು ಏನೂ ಹೇಳಿರಲಿಲ್ಲ.

‘ಏನು ಹೇಳ್ತೀಯೇ?’ ಎಂದು ಕೇಳಿದೆ.

‘ಸ್ಟೇಷನ್ ಕತೆ ಏನಾಯ್ತದೋ ನೋಡ್ಕಂಡು ನಂದು ಹೇಳ್ತೀನಿ ಅಂದಿವ್ನಿ’ ಅಂದು ನಕ್ಕಳು. ನಗುವಾಗಲೂ ಅವಳ ಕಣ್ಣು ನನ್ನ ಮುಖದ ಮೇಲೆಯೇ ಇತ್ತು. ತಮಾಷೆಗೆ ಹೇಳಿದ್ದು ಅಂದುಕೊಳ್ಳಲು ನಾನು ಬಹಳ ಪ್ರಯತ್ನಪಟ್ಟೆ.

ನಾನು ಆಗಲೇ ಕೊನೆಯವರೆಗೆ ಓದಿಬಿಟ್ಟಿದ್ದೆ. ಪುಸ್ತಕದಲ್ಲಿ ಆ ಹುಡುಗಿ ಕೊನೆಗೆ ಬೇರೆ ಊರಿಗೆ ರೈಲು ಹತ್ತುತ್ತಾಳೆ. ಹುಡುಗ ಬೆಂಚಿನಿಂದ ಎದ್ದು ಕೈಯೆತ್ತುತ್ತಾನೆ. ಅವಳು ಅಳುತ್ತಾಳೆ, ಆದರೆ ಇಳಿಯುವುದಿಲ್ಲ. ಮೊದಲ ಸಲ ಓದಿದಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮುನ್ನೂರು ಪುಟ ಬಿಡೋದಿಲ್ಲ ಬಿಡೋದಿಲ್ಲ ಅಂದವಳು ಹೀಗೆ ಬಿಟ್ಟು ಹೋಗುವುದೇ? ನಾನು ಹದಿನೈದು ವರ್ಷ ಸತ್ತವನನ್ನು ಬಿಡದೆ ಕೂತಿದ್ದೇನಲ್ಲ, ಹಾಗಾದರೆ ನಾನೇನು ದಡ್ಡಿಯೇ? ಆ ಲೇಖಕರು ಎದುರಿಗೆ ಸಿಕ್ಕಿದ್ದರೆ ಕೇಳಿಯೇ ಬಿಡುತ್ತಿದ್ದೆ.

ಕೊನೆಯ ಅಧ್ಯಾಯದ ದಿನ ಜಗಲಿಯಲ್ಲಿ ಆ ಇಬ್ಬರೇ ಇದ್ದರು. ಹುಡುಗಿ ರೈಲು ಹತ್ತುವವರೆಗೆ ಪುಸ್ತಕದಲ್ಲಿ ಇದ್ದ ಹಾಗೇ ಹೇಳಿದೆ. ಆಮೇಲೆ ಬಾಯಿ ತನ್ನಷ್ಟಕ್ಕೆ ತಾನು ಹೋಯಿತು. ರೈಲು ಅಲ್ಲಾಡಿತು, ಅವಳು ಹಾರಿ ಇಳಿದಳು, ಓಡಿ ಬಂದು ಬೆಂಚಿನ ಮೇಲೆ ಕೂತಳು, ಮುಂದೆ ಯಾವ ಊರಿಗೂ ಹೋಗಲಿಲ್ಲ, ಇಬ್ಬರೂ ಅಲ್ಲೇ ಸುಖವಾಗಿದ್ದರು ಅಂದೆ.

‘ಅಯ್ಯೋ ಮಂಕೆ!’ ಅಂದಳು ಮುದುಕಿ. ‘ಕಲ್ ಬೆಂಚಿನ್ ಮೇಲೆ ಕೂತೇ ಮುದ್ಕಿ ಆದ್ಲಾ? ಚಳಿ ಮಳೆ ಇರಲ್ವಾ ಆ ಊರಲ್ಲಿ?’

ಚಿಕ್ಕವಳ ಮಚ್ಚು ಜಾರಿ ಒಂದು ಉಂಡೆಗೆ ಏಟು ಬಿತ್ತು. ಅವಳ ಕೈಯಲ್ಲಿ ಹಾಗಾಗಿದ್ದನ್ನು ನಾನು ನೋಡಿರಲಿಲ್ಲ. ಗಾಯವಾದ ಕೊಬ್ಬರಿಯನ್ನು ಬದಿಗಿಟ್ಟು, ‘ಚೆನ್ನಾಗೈತೆ ಕತೆ’ ಅಂದಳು.

ನಾಲ್ಕು ದಿನದ ಮೇಲೆ ಅವಳು ಸಂಬಂಧ ಬೇಡ ಅಂದಳಂತೆ ಎಂದು ಮುದುಕಿಯೇ ಬಂದು ಹೇಳಿದಳು. ನಾನು ಅಯ್ಯೋ ಪಾಪ ಅಂದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಗೋಡೆಗೆ ಒರಗಿ ನಕ್ಕೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆ. ಆ ಸಂಜೆ ಡಬ್ಬದಿಂದ ಮುಂದಿನ ಪುಸ್ತಕ ಆರಿಸಿಟ್ಟೆ.

ಅವಳು ಎಂದಿನಂತೆ ಬಂದಳು. ಗರಿ ಸೀಳಿದಳು, ಕಥೆ ಕೇಳಿದಳು, ಆದರೆ ಜಗಳವಾಡಲಿಲ್ಲ. ನಾನು ಬೇಕಂತಲೇ ಮೊಂಡು ವಾದ ಹೂಡಿದರೂ ಹೂಂ ಅಕ್ಕ ಅನ್ನುವಳು. ಒಂದು ಮಧ್ಯಾಹ್ನ, ಕಥೆಯ ನಡುವೆ, ತನ್ನಷ್ಟಕ್ಕೆ ಹೇಳಿಕೊಳ್ಳುವವಳ ಹಾಗೆ ಮಾತು ತೆಗೆದಳು. ‘ಅವತ್ತು ಅವ್ರು ನೋಡಕ್ಕೆ ಬಂದಿದ್ರಲ್ಲ ಅಕ್ಕ, ಆ ಮಗು ಬಾಚಣಿಗೆ ತಂದಿತ್ತು. ಬಂದಿದ್ದೇ ನನ್ ಮುಂದೆ ಬೆನ್ನು ತಿರುಗ್ಸಿ ಕೂತ್ಕಂಡ್ತು. ಅವ್ರಪ್ಪಂಗೆ ಜಡೆ ಹಾಕಕ್ಕೆ ಬರಲ್ವಂತೆ.’

‘ಹಾಕಿದೆಯಾ?’

‘ಹಾಕ್ದೆ. ಎರಡು ಜಡೆ.’

ಅವಳು ಮತ್ತೆ ಗರಿ ಕೈಗೆತ್ತಿಕೊಂಡಳು. ನನಗೆ ಪುಸ್ತಕದ ಅಕ್ಷರ ಕಾಣಿಸದಂತಾಯಿತು. ನಾನು ಮಾಡಿದ್ದು ಏನು ಅಂತ ಆಗ ತಿಳಿಯಿತು. ಇಷ್ಟು ದಿನ ತಿಳಿದಿರಲಿಲ್ಲ ಅಂದರೆ ಅದೂ ಸುಳ್ಳಾಗುತ್ತದೆ. ಬೇರೊಬ್ಬಳ ಬದುಕನ್ನು ನನ್ನ ಜಗಲಿಗೆ ಕಟ್ಟಿಹಾಕಿಕೊಂಡಿದ್ದೆ.

‘ನೋಡೇ, ಆ ಸ್ಟೇಷನ್ ಕಥೆ ನಾನು ಹೇಳಿದ್ದು ಸುಳ್ಳು ಕಣೇ. ಪುಸ್ತಕದಲ್ಲಿ ಆ ಹುಡುಗಿ ಇಳಿಯಲೇ ಇಲ್ಲ. ರೈಲಲ್ಲಿ ಹೋಗಿಬಿಟ್ಟಳು.’

ಅವಳು ತಲೆಯೆತ್ತಲಿಲ್ಲ. ‘ಗೊತ್ತು ಕಣಕ್ಕ.’

‘ಗೊತ್ತಾ? ನಿನಗೆಲ್ಲಿ ಬರುತ್ತೆ ಇಂಗ್ಲಿಷು?’

‘ಇಂಗ್ಲಿಷ್ ಯಾಕೆ ಬೇಕು? ದಿನಾ ಪುಸ್ತಕ ನೋಡ್ಕಂಡು ಹೇಳ್ತಿದ್ರಿ. ಅವತ್ತು ಕೊನೇಲಿ ನನ್ ಮಖ ನೋಡ್ಕಂಡು ಹೇಳಿದ್ರಿ.’

ಸಿಟ್ಟು ಬಂತು ನನಗೆ. ಸಿಕ್ಕಿಬಿದ್ದ ಸಿಟ್ಟು. ‘ಗೊತ್ತಿದ್ದೂ ಯಾಕೆ ಬೇಡ ಅಂದೆ? ತಲೆ ನೆಟ್ಟಗಿದೆಯಾ ನಿನಗೆ?’

ಅವಳು ಗರಿ ಕೆಳಗಿಟ್ಟಳು. ‘ನಾವು ಬರ್ಲಿ ಅಂತ ಕೊಬ್ರಿಗೆ ಹುಳ ಬೀಳೋಗಂಟ ಇಳಿಸ್ದೆ ಬುಟ್ಕಂಡ್ರಲ್ಲ ನೀವು. ಅಂತೋರ್ನ ಒಬ್ರೇ ಬುಟ್ಟು ಎಂಗ್ ಹೋಗ್ಲಿ ಅಕ್ಕ?’

ನನ್ನನ್ನು ಯಾರಾದರೂ ನೋಡಲಿ ಅಂತ ಎಷ್ಟು ಪುಟಗಳ ಮೇಲೆ ಅತ್ತಿದ್ದೆನೋ. ಇವಳು ನೋಡಿದ್ದಳು, ಅಟ್ಟದವರೆಗೂ ನೋಡಿದ್ದಳು. ಅದಕ್ಕೆ ತನ್ನ ಮದುವೆಯನ್ನು ತೆತ್ತು ಸುಮ್ಮನೆ ಗರಿ ಸೀಳುತ್ತಾ ಕೂತಿದ್ದಳು. ನನಗೆ ಅವಳ ಕೈ ಹಿಡಿದುಕೊಂಡು ಹೋಗಬೇಡ ಅನ್ನಬೇಕು ಅನ್ನಿಸಿತು. ಅಂದಿದ್ದರೆ ಉಳಿಯುತ್ತಿದ್ದಳು, ಅದೇ ನನಗೆ ಭಯ ಹುಟ್ಟಿಸಿದ್ದು.

‘ನನಗೇನು ಬಂದಿದೆಯೇ ಧಾಡಿ? ಹದಿನೈದು ವರ್ಷದಿಂದ ಒಬ್ಬಳೇ ಇದ್ದೀನಿ, ಅಭ್ಯಾಸ ಆಗಿಹೋಗಿದೆ. ನೀನು ಬಂದು ಕೂತರೆ ನನ್ನ ಓದು ಕೆಡುತ್ತೆ ಅಷ್ಟೆ. ಇವತ್ತೇ ನಿಮ್ಮಣ್ಣನಿಗೆ ಹೇಳಿ ಕೆಂಕೆರೆಗೆ ಫೋನು ಮಾಡಿಸು.’

‘ನಿಜವಾಗ್ಲೂ ಅಕ್ಕ? ಇರ್ತೀರಾ ಒಬ್ರೇ?’

ನಾನು ಪುಸ್ತಕ ಬಿಡಿಸಿದೆ, ಒಂದು ಸಾಲಿನ ಮೇಲೆ ಕಣ್ಣಿಟ್ಟೆ, ಅಲ್ಲಿಂದ ಎತ್ತದೆಯೇ, ಅದರಲ್ಲಿ ಬರೆದಿರುವುದನ್ನು ಓದಿ ಹೇಳುವವಳ ಹಾಗೆ, ‘ನಿಜವಾಗಲೂ ಇರ್ತೀನಿ’ ಅಂದೆ.