ಮಷೀನ್ಯಾಗ ಹತ್ತಿದ ನಿದ್ದಿ

ನಮ್ಮ ಮನಿಯವರ ನಿದ್ದಿ ಫೋಟೋ ತಗಿಸಿದ್ದು ಎರಡು ಸಾವಿರ ದಾಟಿದ ಮ್ಯಾಲಿನ ಮಾತು. ಇಸವಿ ನೆನಪಿಲ್ಲ. ಆಗ ನಾವು ಕೇಶ್ವಾಪುರದಾಗ ಇದ್ವಿ. ಫೋನಿನ್ಯಾಗ ಬರಿಯೂದು ಮೊನ್ನೆ ಕಲ್ತೇನಿ, ಒಂದ ಬೆರಳಲೆ ಒತ್ತಾಕತ್ತೇನಿ. ತಪ್ಪಿದ್ರ ಬೆರಳಿಗೆ ಬೈರಿ, ನನಗ ಬ್ಯಾಡ.

ಅವರಿಗೆ ನಿದ್ದ್ಯಾಗ ಕೈಕಾಲು ಝಾಡಿಸೂ ಚಾಳಿ ಹತ್ತಿತ್ತು. ಎಚ್ಚರಿದ್ದಾಗ ಇರುವಿ ಸಾಲು ಕಂಡ್ರೂ ಸರದು ದಾಟೂ ಮನಶ್ಯಾ. ಒಂದಿನ ನಿದ್ದ್ಯಾಗ ಬೀಸಿದ ಕೈ ನನ್ನ ಗಲ್ಲಕ್ಕ ಬಿತ್ತು. ಮುಂಜಾನೆ ಬಾತಿದ್ದ ಗಲ್ಲ ನೋಡಿ ಅವರು ಚಾ ಸೈತ ಕುಡಿಲಿಲ್ಲ. ಓಣ್ಯಾಗಿನವರಿಗೆಲ್ಲಾ ಹಲ್ಲು ನೋವು ಅಂತ ಹೇಳಿ, ಅವರಿಗೆ ಮಾತ್ರ ಏಟು ಛಲೋ ಕುಂತೈತಿ ಬಿಡ್ರಿ ಅಂತ ಕಾಡಿಸಿದೆ. ನಗಲಿಲ್ಲ. ಹಾಸಿಗಿ ಸುತ್ಕೊಂಡು ಪಡಸಾಲಿಗೆ ಹೊಂಟ್ರು.

"ನನ್ನ ಹೊಟ್ಯಾಗ ನಿನ್ನ ಮ್ಯಾಲೆ ಏನೋ ಸಿಟ್ಟು ಕುಂತೈತಿ, ನನಗ ಗೊತ್ತಿಲ್ಲದ್ದು. ಅದು ಏನಂತ ತಿಳಿಯೂ ತನಕ ನಿನ್ನ ಬಾಜೂಕ ಮಲಗಂಗಿಲ್ಲ" ಅಂದ್ರು.

ತಿಂಗಳುಗಟ್ಲೆ ಹಂಗ ನಡೀತು. ಬಾಜೂಕ ಗೊರಕಿ ಇಲ್ದ ನನಗ ನಿದ್ದಿ ಬರವಲ್ದು. ಮಧ್ಯಾಹ್ನ ಊಟಾದ ಮ್ಯಾಲೆ ಕಣ್ಣು ಮುಚ್ಚಿದ್ರ ಮನಿ ಬುಡ ಬಿಟ್ಟು ತೇಲಿಕೋತ ಹೊಂಟಂಗ ಆಗೂದು. ಪಡಸಾಲಿ ಒಂದ ಕಡೆ, ನನ್ನ ಖೋಲಿ ಒಂದ ಕಡೆ. ನಡುವ ನೀರೋ ಮಂಜೋ ತಿಳಿವಲ್ದು, ಕರದ್ರ ಕೇಳವಲ್ದು.

ಕಡೀಕ ನಾನ ಎಳಕೊಂಡು ದವಾಖಾನಿಗೆ ಹೋದೆ. ಅಲ್ಲಿ ಒಬ್ಬಾಕಿ ಸಣ್ಣ ವಯಸ್ಸಿನ ಡಾಕ್ಟರ್ ಬಾಯಿ, ನಿದ್ದಿ ಹತ್ತಿದಾಗ ಮೆದುಳು ಹೆಂಗ ಬದಲಾಗತೈತಿ ಅಂತ ಅಭ್ಯಾಸ ಮಾಡಾಕತ್ತಿದ್ಲು. ತಲಿ ಫೋಟೋ ತಗಿಯೂ ಮಷೀನ್ಯಾಗ ಮಲಗಸ್ತೇವಿ, ಎಚ್ಚರಿದ್ದಾಗಿನ ಫೋಟೋ, ನಿದ್ದಿ ಹತ್ತಿದಾಗಿನ ಫೋಟೋ ಎರಡೂ ಹೋಲಿಸಿ ನೋಡೂಣು ಅಂದ್ಲು. ಸಪ್ಪಳ ಭಾಳ, ಅದರಾಗ ನಿದ್ದಿ ಹತ್ತೂವರು ಕಡಿಮಿ ಅಂತಾನೂ ಹೇಳಿದ್ಲು. ನಮ್ಮವರು ಕೇಳಿದ್ದು ಒಂದ ಮಾತು, ಸಿಟ್ಟಿದ್ರ ಅದರಾಗ ಕಾಣತೈತೇನ್ರಿ ಅಂತ.

ಫೋಟೋ ತಗಿಯೂ ದಿನ ಮಷೀನ್ ನಡಸೂ ಹುಡುಗ ಲೋಹದ್ದು ಏನೂ ಮೈಮ್ಯಾಲೆ ಇರಬಾರ್ದು ಅಂದ. ಗಡಿಯಾರ ತಗದ್ರು, ಉಂಗುರ ತಗದ್ರು, ನಾಚಿಕೋತ ಬೆಳ್ಳಿ ಉಡದಾರಾನೂ ತಗದ್ರು. ಕೊರಳಾಗಿನ ಕರಡಿಗಿಗೆ ಬಂದಾಗ ಕೈ ನಿಂತು ಬಿಡ್ತು. ಲಿಂಗಾ ಇಡೂ ಬೆಳ್ಳಿ ಡಬ್ಬಿ ಅದು. ಹುಟ್ಟಿದಾಗ ಕಟ್ಟಿದ ಲಿಂಗಾ, ಮೈ ಬಿಟ್ಟು ಅಗಲಿದ್ದ ಇಲ್ಲ. ಹೊರಗ ಇಡ್ರಿ ಕಾಕಾ, ಭದ್ರ ಇರತೈತಿ ಅಂತ ಆ ಹುಡುಗ ಅಂದ್ರ ಇವರು ಮಷೀನ್ ಹಲಗಿಯಿಂದ ಕೆಳಗಿಳದು ಅಂಗಿ ಹಾಕ್ಕೊಳ್ಳಾಕತ್ತಿದ್ರು.

"ಲಿಂಗಾ ಬಿಟ್ಟು ನನಗ ಫೋಟೋ ಬ್ಯಾಡ. ಪಡಸಾಲಿ ಛಲೋ ಐತಿ."

ಪಡಸಾಲಿ ಅಂದಕೂಡ್ಲೇ ನಾನು ಅಡ್ಡ ನಿಂತೆ. ನನ್ನ ತವರೂರು ಸುಳ್ಳದಾಗ ನಮ್ಮಪ್ಪ ಹೊಲಕ್ಕ ಹೋಗೂಮುಂದ ಕರಡಿಗಿ ಮನ್ಯಾಗ ಇಟ್ಟು, ಲಿಂಗಾನ ಬಿಳಿ ಅರಿವ್ಯಾಗ ಸುತ್ತಿ ಕೊರಳಿಗೆ ಕಟ್ಕೊತಿದ್ದ. ಬೆಳ್ಳಿ ಇರೂದು ಕರಡಿಗ್ಯಾಗ, ಲಿಂಗಾ ಕಲ್ಲಿಂದು, ಒಂದು ತುಂಡು ಸ್ವಚ್ಛ ಅರಿವಿ ಕೊಡ್ರಿ ಅಂದೆ. ದವಾಖಾನ್ಯಾಗ ಏನ್ ಸಿಗತೈತಿ, ಬ್ಯಾಂಡೇಜ್ ಪಟ್ಟಿ. ಮಷೀನ್ ನಡಸೂ ಹುಡುಗಗ ಆದ್ರೂ ಸಂಶೆ, ಕೈ ಅಯಸ್ಕಾಂತ ತಂದ. ಮುಟ್ಟಬ್ಯಾಡ್ರಿ, ದೂರಿಂದ ನೋಡ್ರಿ ಅಂತ ಇವರು ಪೂಜಿಗೆ ಹಿಡದಂಗ ಎಡಗೈ ಅಂಗೈಮ್ಯಾಲೆ ಲಿಂಗಾ ಹಿಡದ್ರು. ಅಯಸ್ಕಾಂತ ಅಳ್ಳಾಡಲಿಲ್ಲ. ಬ್ಯಾಂಡೇಜಿನ್ಯಾಗ ಸುತ್ತಿ ನಾನ ಕಟ್ಟಿದೆ. ಲಿಂಗಕ್ಕ ಗಾಯ ಆದಂಗ ಕಾಣತೈತಿ ನೋಡ್ರಿ ಅಂದ್ರ ಕಣ್ಣು ಬಿಟ್ರು.

ಮಷೀನ್ ಚಾಲೂ ಆತು. ಟಕಾ ಟಕಾ, ಆಮ್ಯಾಲೆ ಗರ್ರ್ ಅಂತ. ಗಾಜಿನ ಹೊರಗ ಕುಂತ ನನಗ ಸೈತ ಕಿವಿ ಮುಚ್ಕೊಳ್ಳೂವಂಗ ಆತು. ಅವರು ಗೊರಕಿ ಹೊಡಿಯಾಕ ಶುರು ಮಾಡಿದ್ರು. ವಯಸ್ಸೆಲ್ಲಾ ಹತ್ತಿ ಜಿನ್ನಿಂಗ್ ಮಿಲ್ಲಿನ್ಯಾಗ ಕಳದಾವ್ರು, ಮಧ್ಯಾಹ್ನದ ನಿದ್ದಿ ಅಲ್ಲೇ ಹತ್ತಿ ರಾಶಿಮ್ಯಾಲೆ, ಮಷೀನ್ ಸಪ್ಪಳದಾಗ ಮಾಡಿದಾವ್ರು. ಅವರಿಗೆ ಅದು ಜೋಗುಳ. ಡಾಕ್ಟರ್ ಬಾಯಿ ಮೈಕಿನ್ಯಾಗ, ಕಾಕಾರ, ಮಲಗಬ್ಯಾಡ್ರಿ, ಎಚ್ಚರದ ಫೋಟೋ ಇನ್ನೂ ಆಗಿಲ್ಲ ಅಂತ ಎಬ್ಬಿಸಿ ಎಬ್ಬಿಸಿ ಸಾಕಾದ್ಲು.

ಆಮ್ಯಾಲೆ ಮಲಗಾಕ ಬಿಟ್ಲು. ಪರದೆಮ್ಯಾಲೆ ಅವರ ತಲಿ ಒಳಗ ಕಾಣಾಕತ್ತಿತ್ತು, ಹೂಕೋಸು ಕೊಯ್ದು ಇಟ್ಟಂಗ, ಬೂದಿ ಬಣ್ಣದ ಮುಗಲು ಮಡಚಿ ಇಟ್ಟಂಗ. ಇದರಾಗ ಎಲ್ಲೋ ನಾನೂ ಇರಬೇಕು, ಲಗ್ನಾದ ಹೊಸದಾಗ ಉಟ್ಟ ಹಸರು ಇಳಕಲ್ ಸೀರ್ಯಾಗ, ಅಂತ ಹುಡುಕಿಕೋತ ಕುಂತೆ. ಹುಡುಕಿಕೋತ ನನಗೂ ಕಣ್ಣು ಎಳದ್ವು. ಅವರ ನಿದ್ದ್ಯಾಗ ನಾನು ಕಾಲಿಟ್ಟಂಗ, ಅಲ್ಲಿ ಎಲ್ಲಾ ಬೆಳ್ಳಗ, ಮೆತ್ತಗ, ಹತ್ತಿ ಹಾರಾಡಿದಂಗ.

ಎಷ್ಟೊತ್ತಾತೋ, ಅವರ ಕೈ ಎದ್ದು ಗಾಳ್ಯಾಗ ಬೀಸ್ತು. ಪರದೆಮ್ಯಾಲಿನ ಚಿತ್ರ ಕದಡಿತು. ಡಾಕ್ಟರ್ ಬಾಯಿ ಮಷೀನ್ ನಿಲ್ಲಿಸಿ, ಏಳಿಸಿದ ಕೂಡ್ಲೇ ಏನ್ ಕನಸು ಬಿತ್ತು ಅಂತ ಕೇಳಿದ್ಲು.

"ಹೋರಿ ಬಂದು ಹತ್ತಿ ರಾಶಿಗೆ ಬಾಯಿ ಹಾಕಿತ್ರಿ. ಹೊಡದು ಓಡಸಾಕತ್ತಿದ್ದೆ" ಅಂದ್ರು. ನನ್ನ ಕಡೆ ನೋಡಿ, "ಅವತ್ತೂ ಅದ ಹೋರಿ ಇರಬೇಕು" ಅಂದ್ರು.

ಮುಂದ ಒಂದಿನ ಫೋಟೋ ಬೆಳಕಿಗೆ ಹಿಡದು ಆಕಿ ತಿಳಿಸಿ ಹೇಳಿದ್ಲು. ಗಂಟು ಗಡ್ಡಿ ಏನಿಲ್ಲ. ಕನಸು ಬಿದ್ದಾಗ ಕೈಕಾಲು ಅಳ್ಳಾಡಬಾರದಂತ ಮೆದುಳು ಒಂದು ಚಿಲಕ ಹಾಕತೈತಿ, ಕಾಕಾರದು ಚಿಲಕ ಸಡಲಾಗೈತಿ. ಗುಳಿಗಿ ತಗೋಬೇಕು, ಮಲಗೂಮುಂದ ಇಬ್ಬರ ನಡುವ ಲೋಡು ದಿಂಬು ಇಡಬೇಕು, ಆಗಾಗ ಬಂದು ತೋರಿಸಬೇಕು ಅಂದ್ಲು. ಇವರದು ಮತ್ತ ಅದ ಪ್ರಶ್ನಿ.

"ಸಿಟ್ಟಿನ ಫೋಟೋ ಇದರಾಗ ಬರಂಗಿಲ್ರಿ ಕಾಕಾರ" ಅಂದ್ಲು. "ಆದ್ರ ಕೈ ಎದ್ದದ್ದು ಹೋರಿ ಮ್ಯಾಲೆ. ಅದನ್ನ ನೀವ ಹೇಳೀರಿ."

ಮನಿಗೆ ಬಂದು ಊಟಾ ಮಾಡಿ, ಹಾಸಿಗಿ ಹೊತ್ಕೊಂಡು ನನ್ನ ಖೋಲಿ ಬಾಗಲಿಗೆ ಬಂದು ನಿಂತ್ರು. ಒಳಗ ಬರವಲ್ರು.

"ಮತ್ತ ಹೋರಿ ಬಂದ್ರ?"

"ಬರ್ಲಿ ತಗೋರಿ. ನನ್ನ ಕನಸಿನ್ಯಾಗ ನಾನು ನಿಮಗ ಎಷ್ಟ ಸರ್ತಿ ಏಟು ಹಾಕೇನಿ. ನನ್ನ ಫೋಟೋ ಯಾರೂ ತಗದಿಲ್ಲ, ಅಷ್ಟ."

ನಕ್ಕರು. ಹಾಸಿಗಿ ಬಿಚ್ಚಿದ್ರು. ಲೋಡು ನಾನ ಆರಿಸಿ ಇಟ್ಟೆ, ಮನ್ಯಾಗಿನ ಎಲ್ಲಾದಕ್ಕಿಂತ ಸಣ್ಣದು.